ಟಿವಿಯಲ್ಲಿ ಯಾವುದಕ್ಕೆ ಹೆಚ್ಚು ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಅಂಗಡಿಯ ಗೋಡೆಯ ಮೇಲೆ 55 ಇಂಚಿನ ಎರಡು ಟಿವಿಗಳು ಅಕ್ಕಪಕ್ಕ ಇರುತ್ತವೆ. ಎರಡರ ಮೇಲೂ 4ಕೆ, ಎಚ್‌ಡಿಆರ್, ಡಾಲ್ಬಿ, ಎಐ ಎಂಬ ಚೀಟಿ ಅಂಟಿಸಿರುತ್ತಾರೆ. ಒಂದರ ಬೆಲೆ ಮಾತ್ರ ಇನ್ನೊಂದರ ಎರಡೂವರೆ ಪಟ್ಟು. ಆ ಎರಡೂವರೆ ಪಟ್ಟಿನಲ್ಲಿ ಎಷ್ಟು ನಿಜವಾಗಿ ಕಣ್ಣಿಗೆ ಕಾಣುತ್ತದೆ, ಎಷ್ಟು ಬರೀ ಹೆಸರಿಗೆ ಹೋಗುತ್ತದೆ ಎನ್ನುವುದನ್ನು ಬಿಡಿಸಿ ನೋಡಬೇಕು.

ಇದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಮುಂದೆ ಯಾವಾಗಲಾದರೂ ಹೊರಗಿನಿಂದ ಜೋಡಿಸಿಕೊಳ್ಳಬಹುದಾದ ಸೌಲಭ್ಯಕ್ಕೆ ಟಿವಿಯ ಬೆಲೆಯಲ್ಲಿ ಹಣ ಕೊಡಬೇಡಿ. ಸ್ಪೀಕರ್, ಆ್ಯಪ್‌ಗಳು, ರಿಮೋಟಿಗೆ ಮಾತಾಡುವ ಸೌಕರ್ಯ ಇವೆಲ್ಲ ಆ ಜಾತಿಯವು. ಪರದೆಯ ಅಳತೆ, ಪ್ಯಾನೆಲ್ (ಚಿತ್ರ ಮೂಡಿಸುವ ಪದರ), ಅದರ ಹಿಂದಿನ ಬೆಳಕು, ಎಚ್‌ಡಿಎಂಐ ಪೋರ್ಟಿನ ಸಾಮರ್ಥ್ಯ, ಇವನ್ನು ಕೊಂಡ ಮೇಲೆ ಬದಲಾಯಿಸಲು ಬರುವುದಿಲ್ಲ. ಹಣ ಹೋಗಬೇಕಾದದ್ದು ಇಲ್ಲಿಗೆ.

ಮೊದಲು ಅಳತೆ. ಟೇಪು ಹಿಡಿದು ಅಳೆಯಬೇಕಾದದ್ದು ಗೋಡೆಯನ್ನಲ್ಲ, ಕೂತವರ ಕಣ್ಣಿನಿಂದ ಪರದೆಗೆ ಇರುವ ದೂರವನ್ನು. ಸೋಫಾದ ಬೆನ್ನಿನಿಂದ ಅಳೆದರೆ ಸುಮಾರು ಒಂದಡಿ ತಪ್ಪುತ್ತದೆ. ಅಡಿಯಲ್ಲಿ ಬಂದ ಅಂಕಿಯನ್ನು 7ರಿಂದ ಗುಣಿಸಿದರೆ ಇಂಚಿನಲ್ಲಿ ಒಳ್ಳೆಯ ಅಳತೆ ಸಿಗುತ್ತದೆ: 6 ಅಡಿಗೆ 43, 8 ಅಡಿಗೆ 55, 9 ಅಡಿ ದಾಟಿದರೆ 65. ಆ ದೂರದಲ್ಲಿ ಪರದೆಯ ಅಗಲ ನಿಮ್ಮ ನೋಟದಲ್ಲಿ ಸುಮಾರು 30 ಡಿಗ್ರಿ ತುಂಬುತ್ತದೆ. ಸಿನಿಮಾ ನೋಡಲು ಹಿತವೆನಿಸುವ ಕೋನ ಅದು. ಆದರೆ ಮನೆಯಲ್ಲಿ ಓಡುವುದು ಹೆಚ್ಚಾಗಿ ಎಸ್‌ಡಿ (ಎಚ್‌ಡಿ ಅಲ್ಲದ ಸಾಮಾನ್ಯ) ಚಾನೆಲ್ಲುಗಳೇ ಆಗಿದ್ದರೆ 7ರ ಬದಲು 5ರಿಂದ ಗುಣಿಸಿ. ಕಾರಣ ಮುಂದೆ ಹೇಳುತ್ತೇನೆ.

ಅಳತೆಯ ಲೆಕ್ಕದಲ್ಲಿ ಒಂದು ಮೋಸವಿದೆ. ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ. ನಾವು ನೋಡುವುದು ವಿಸ್ತೀರ್ಣ. 43ರಿಂದ 55ಕ್ಕೆ ಹೋದರೆ ಪರದೆ 64 ಶೇಕಡಾ ದೊಡ್ಡದಾಗುತ್ತದೆ. 50ರಿಂದ 55ಕ್ಕೆ ಹೋದರೆ 21 ಶೇಕಡಾ ಮಾತ್ರ. ಹಾಗಾಗಿ 50ಕ್ಕೂ 55ಕ್ಕೂ ನಡುವೆ ಬೆಲೆಯ ಅಂತರ ದೊಡ್ಡದಿದ್ದರೆ 50ನ್ನೇ ಇಟ್ಟುಕೊಂಡು ಉಳಿದ ಹಣವನ್ನು ಒಳ್ಳೆಯ ಪ್ಯಾನೆಲ್ಲಿಗೆ ಹಾಕುವುದು ಮೇಲು. 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 32ರಲ್ಲೇ ನಿಂತರೆ ತೆರಿಗೆ ಉಳಿಯುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

4ಕೆ (3840×2160 ಚುಕ್ಕೆಗಳ ಪರದೆ) ಬೇಕೇ ಎಂಬ ಪ್ರಶ್ನೆಗೆ ಕಣ್ಣೇ ಉತ್ತರ ಕೊಡುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್. ಐದೂವರೆ ಅಡಿ ದಾಟಿದರೆ ಆ ಚುಕ್ಕೆಗಳು ಒಂದಕ್ಕೊಂದು ಸೇರಿಹೋಗುತ್ತವೆ. 55 ಇಂಚಿಗೆ ಆ ಗಡಿ 7 ಅಡಿ, 65 ಇಂಚಿಗೆ ಎಂಟೂವರೆ ಅಡಿ. ಗಡಿಯಾಚೆ ಕೂತವರಿಗೆ 4ಕೆಯಿಂದ ಸಿಗುವ ಹೆಚ್ಚುವರಿ ಸ್ಪಷ್ಟತೆ ಬಹಳ ಕಡಿಮೆ. ದೊಡ್ಡ ಅಳತೆಗಳಲ್ಲಿ ಈಗ ಬಹುತೇಕ ಎಲ್ಲವೂ 4ಕೆ ಆಗಿಯೇ ಬರುವುದರಿಂದ ಅದಕ್ಕೆಂದು ಪ್ರತ್ಯೇಕವಾಗಿ ಹಣ ಕೊಡುವ ಸಂದರ್ಭ ಕಡಿಮೆ. 8ಕೆಗೆ ಮಾತ್ರ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಅದರಲ್ಲಿ 3 ಕೋಟಿ 30 ಲಕ್ಷ ಚುಕ್ಕೆಗಳಿವೆ, ತೋರಿಸಲು ನಮ್ಮಲ್ಲಿ ಪ್ರಸಾರವಿಲ್ಲ.

32 ಇಂಚು ಕೊಳ್ಳುವವರು ಒಂದು ವಿಷಯ ಗಮನಿಸಿ. ‘ಎಚ್‌ಡಿ ರೆಡಿ’ ಎಂದರೆ 1366×768, ‘ಫುಲ್ ಎಚ್‌ಡಿ’ ಎಂದರೆ 1920×1080. ಮಲಗುವ ಕೋಣೆಯಲ್ಲಿ 6 ಅಡಿಯೊಳಗೆ ಕೂತು ನೋಡುವುದಾದರೆ ಫುಲ್ ಎಚ್‌ಡಿಗೆ ಕೊಡುವ ಹೆಚ್ಚಿನ ಹಣ ಸಾರ್ಥಕ, ಅಡುಗೆಮನೆಯಿಂದ ಇಣುಕಿ ನೋಡುವ ಟಿವಿಗೆ ಬೇಡ.

ಈಗ ಎಸ್‌ಡಿ ಚಾನೆಲ್ಲಿನ ವಿಷಯ. ‘ದೊಡ್ಡ 4ಕೆ ಟಿವಿ ತಂದೆವು, ಹಳೇ ಟಿವಿಯಲ್ಲೇ ಧಾರಾವಾಹಿ ಚೆನ್ನಾಗಿ ಕಾಣುತ್ತಿತ್ತು’ ಎಂಬ ದೂರು ಬಹಳ ಸಾಮಾನ್ಯ, ಮತ್ತು ಅದು ನಿಜ. ಎಸ್‌ಡಿ ಚಾನೆಲ್ಲಿನಲ್ಲಿ ಬರುವುದು ಹೆಚ್ಚೆಂದರೆ 576 ಗೆರೆ. ಟಿವಿ ಅದನ್ನು 2160 ಗೆರೆಗೆ ಹಿಗ್ಗಿಸಬೇಕು. ಇಲ್ಲದ ವಿವರವನ್ನು ಊಹಿಸಿ ತುಂಬುವ ಕೆಲಸವದು. ಪ್ರಸಾರದಲ್ಲಿ ಒತ್ತಿ ಕಳಿಸಿದ ಚಿತ್ರದ ಚೌಕಚೌಕ ಕಲೆಗಳೂ ಜೊತೆಗೇ ಹಿಗ್ಗುತ್ತವೆ. ದುಬಾರಿ ಟಿವಿಯ ಪ್ರೊಸೆಸರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಬಲ್ ನೋಡುವ ಮನೆಗೆ ಅದು ಹಣ ಕೊಡಬಹುದಾದ ಗುಣವೇ. ಆದರೆ ಮೊದಲು ಅಗ್ಗದ ದಾರಿ ಮುಗಿಸಿ: ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯದಾಗಿರಲಿ, ದಿನವೂ ನೋಡುವ ಎರಡು ಮೂರು ಚಾನೆಲ್ಲುಗಳ ಎಚ್‌ಡಿ ಆವೃತ್ತಿ ಪ್ಯಾಕಿನಲ್ಲಿರಲಿ, ಕೆಂಪು ಹಳದಿ ಬಿಳಿ ಪಿನ್ನಿನ ಎವಿ ಕೇಬಲ್ ತೆಗೆದು ಎಚ್‌ಡಿಎಂಐ ಹಾಕಿ. ಎಷ್ಟೋ ಮನೆಗಳಲ್ಲಿ ಹೊಸ ಟಿವಿಗೂ ಆ ಹಳದಿ ಪಿನ್ನೇ ಸಿಕ್ಕಿಕೊಂಡಿರುತ್ತದೆ. ಅದರ ಮೂಲಕ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಆಮೇಲೆ ಟಿವಿಯ ಶಾರ್ಪ್‌ನೆಸ್ ಅನ್ನು ತಗ್ಗಿಸಿ. ಅದು ಹೆಚ್ಚಿದಷ್ಟೂ ಕಲೆಗಳ ಅಂಚು ಎದ್ದು ಕಾಣುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ, ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕು, ಗಂಟೆಗೆ 7 ಜಿಬಿವರೆಗೂ ಡೇಟಾ ಹೋಗುತ್ತದೆ. ಈ ತಿಂಗಳ ಖರ್ಚನ್ನೂ ಟಿವಿಯ ಬೆಲೆಯ ಜೊತೆ ಸೇರಿಸಿಯೇ ಲೆಕ್ಕ ಹಾಕಿ.

ಇನ್ನು ಮುಖ್ಯ ವಿಷಯ, ಬೆಳಕು. ನನ್ನ ಮಟ್ಟಿಗೆ ಟಿವಿಯ ಬೆಲೆ ನಿಂತಿರಬೇಕಾದದ್ದು ಇದರ ಮೇಲೆಯೇ. ಎಲ್‌ಇಡಿ ಟಿವಿ ಎಂದು ಮಾರುವುದೆಲ್ಲ ಎಲ್‌ಸಿಡಿ ಪ್ಯಾನೆಲ್ಲೇ. ಹಿಂದಿನಿಂದ ಎಲ್‌ಇಡಿ ದೀಪ ಬೆಳಗುತ್ತದೆ, ಮುಂದಿನ ಪದರ ಆ ಬೆಳಕನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ರಾತ್ರಿ ದೀಪ ಆರಿಸಿದಾಗ ಕಪ್ಪು ದೃಶ್ಯ ಬೂದಿಯಾಗಿ ಕಾಣುವುದು. ಎಲ್‌ಸಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ, ಐಪಿಎಸ್ ಮತ್ತು ವಿಎ. ಐಪಿಎಸ್ ಪ್ಯಾನೆಲ್ಲಿನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು 1000ಕ್ಕೆ 1, ವಿಎ ಪ್ಯಾನೆಲ್ಲಿನಲ್ಲಿ 3000ದಿಂದ 6000ಕ್ಕೆ 1. ಹಾಗಾದರೆ ವಿಎ ತಾನೆ ಒಳ್ಳೆಯದು? ನೇರ ಎದುರು ಕೂತವರಿಗೆ ಹೌದು. ಪಕ್ಕದಿಂದ ನೋಡಿದರೆ ವಿಎಯ ಬಣ್ಣ ತೊಳೆದಂತಾಗುತ್ತದೆ. ಪಡಸಾಲೆಯ ಎರಡೂ ಬದಿ ಕುರ್ಚಿ ಹಾಕಿಕೊಂಡು ಎಂಟು ಜನ ಕೂರುವ ಮನೆಗೆ ಐಪಿಎಸ್ ವಾಸಿ. ಟಿವಿಯನ್ನು ಶೋಕೇಸಿನ ಮೇಲಕ್ಕೆ ಎತ್ತರದಲ್ಲಿ ತೂಗುಹಾಕಿ ನೆಲದ ಮೇಲೆ ಕೂತು ನೋಡುವವರಿಗೂ ವಿಎಯಲ್ಲಿ ಇದೇ ತೊಂದರೆ ಬರುತ್ತದೆ. ಅವರು ಕೆಳಕ್ಕೆ ಬಾಗುವ ಟಿಲ್ಟ್ ಬ್ರ್ಯಾಕೆಟ್ ಕೇಳಿ ಪಡೆಯಬೇಕು.

ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಚಿತ್ರ) ಎಂಬ ಚೀಟಿಯನ್ನು ನಂಬಿ ಹಣ ಕೊಡಬೇಡಿ. ಎಚ್‌ಡಿಆರ್ ಸಂಕೇತವನ್ನು ಓದಬಲ್ಲ ಟಿವಿಗೆಲ್ಲ ಆ ಚೀಟಿ ಅಂಟಿಸಬಹುದು. ಆ ಚಿತ್ರವನ್ನು ತೋರಿಸಲು ಮಾತ್ರ ಬೆಳಕಿನ ಬಲ ಬೇಕು. ಅಗ್ಗದ 4ಕೆ ಟಿವಿಗಳು 250ರಿಂದ 300 ನಿಟ್ಸ್‌ನಲ್ಲಿ (ಪರದೆಯ ಬೆಳಕಿನ ಅಳತೆ) ನಿಲ್ಲುತ್ತವೆ. ಎಚ್‌ಡಿಆರ್ ಚಿತ್ರ ಅವುಗಳಲ್ಲಿ ಮಂಕಾಗಿಯೇ ಕಾಣುತ್ತದೆ, ಎಷ್ಟೋ ಸಲ ಸಾಮಾನ್ಯ ಚಿತ್ರಕ್ಕಿಂತ ಕೆಟ್ಟದಾಗಿ. ಎಚ್‌ಡಿಆರ್‌ಗೆಂದೇ ಹಣ ಕೊಡುವುದಾದರೆ ಕನಿಷ್ಠ 600 ನಿಟ್ಸ್, 10 ಬಿಟ್ ಪ್ಯಾನೆಲ್, ಲೋಕಲ್ ಡಿಮ್ಮಿಂಗ್ ಮೂರೂ ಒಟ್ಟಿಗೆ ಇರಬೇಕು. 8 ಬಿಟ್ ಎಂದರೆ 1 ಕೋಟಿ 67 ಲಕ್ಷ ಬಣ್ಣ, 10 ಬಿಟ್ ಎಂದರೆ 107 ಕೋಟಿ. ವ್ಯತ್ಯಾಸ ಕಾಣುವುದು ಸಂಜೆಯ ಆಕಾಶದಂಥ ದೃಶ್ಯಗಳಲ್ಲಿ. 8 ಬಿಟ್‌ನಲ್ಲಿ ಅಲ್ಲಿ ಪಟ್ಟೆಪಟ್ಟೆ ಮೂಡುತ್ತದೆ.

ಲೋಕಲ್ ಡಿಮ್ಮಿಂಗ್ ಎಂದರೆ ಹಿಂದಿನ ದೀಪಗಳನ್ನು ವಲಯಗಳಾಗಿ ಹಂಚಿ, ಕತ್ತಲೆಯಿರುವ ಕಡೆ ದೀಪವನ್ನೇ ತಗ್ಗಿಸುವುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಎಷ್ಟು ವಲಯ? ‘ಮೈಕ್ರೋ ಡಿಮ್ಮಿಂಗ್’ನಂಥ ಹೆಸರುಗಳು ಹೆಚ್ಚಾಗಿ ಚಿತ್ರವನ್ನು ಲೆಕ್ಕಾಚಾರದಲ್ಲಿ ತಿದ್ದುವಂಥವು, ದೀಪ ಹಾಗೇ ಉರಿಯುತ್ತಿರುತ್ತದೆ. 55 ಇಂಚಿನಲ್ಲಿ ಹತ್ತಿಪ್ಪತ್ತು ವಲಯವಿದ್ದರೆ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಬೆಳಕಿನ ಮೋಡ ಏಳುತ್ತದೆ. ಅಂಥದ್ದಕ್ಕಿಂತ ಇಲ್ಲದಿರುವುದೇ ಮೇಲು. ಇನ್ನೂರಕ್ಕೆ ಮೇಲ್ಪಟ್ಟಿದ್ದರೆ ಫಲ ಕಾಣತೊಡಗುತ್ತದೆ. ಮಿನಿ ಎಲ್‌ಇಡಿ ಎಂಬ ಹೆಸರಿಗೂ ಇದೇ ಪ್ರಶ್ನೆ ಕೇಳಿ. ದೀಪ ಚಿಕ್ಕದಾದ ಮಾತ್ರಕ್ಕೆ ವಲಯ ಹೆಚ್ಚಿದೆ ಎಂದೇನಲ್ಲ. ಕ್ಯೂಎಲ್‌ಇಡಿ ಎಂದರೆ ಎಲ್‌ಸಿಡಿಗೆ ಕ್ವಾಂಟಮ್ ಡಾಟ್ ಹಾಳೆ ಸೇರಿಸಿದ್ದು. ಬಣ್ಣ ಗಾಢವಾಗುತ್ತದೆ, ಕಪ್ಪು ಸುಧಾರಿಸುವುದಿಲ್ಲ.

ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ನಿಜವಾಗಿ ಕಪ್ಪು, ಯಾವ ಮೂಲೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ರಾತ್ರಿ ದೀಪ ತಗ್ಗಿಸಿ ಸಿನಿಮಾ ನೋಡುವವರಿಗೆ ಇದಕ್ಕೆ ಸಮನಾದುದಿಲ್ಲ. ಆದರೆ ಎರಡು ಮನೆಗಳಿಗೆ ನಾನು ಬೇಡ ಎನ್ನುತ್ತೇನೆ. ಹಗಲು ಹೊತ್ತು ಎದುರಿನ ಕಿಟಕಿಯಿಂದ ಬಿಸಿಲು ಬೀಳುವ ಹಾಲ್ ಒಂದು. ಪರದೆ ಪೂರ್ತಿ ಬೆಳ್ಳಗಾದಾಗ ಒಎಲ್‌ಇಡಿ ತನ್ನ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಲ್ಲಿ ಒಳ್ಳೆಯ ಮಿನಿ ಎಲ್‌ಇಡಿ ಗೆಲ್ಲುತ್ತದೆ. ಇಡೀ ದಿನ ನ್ಯೂಸ್ ಚಾನೆಲ್ ಓಡುವ ಮನೆ ಇನ್ನೊಂದು. ಮೂಲೆಯ ಲೋಗೋ, ಕೆಳಗಿನ ಕೆಂಪು ಪಟ್ಟಿ ಅದೇ ಜಾಗದಲ್ಲಿ ಸಾವಿರಾರು ಗಂಟೆ ಕೂತರೆ ಆ ಚುಕ್ಕೆಗಳು ಉಳಿದವುಗಳಿಗಿಂತ ಬೇಗ ಸವೆದು ನೆರಳಿನಂಥ ಗುರುತು ಉಳಿಯುತ್ತದೆ. ವಾರಂಟಿ ಸಾಮಾನ್ಯವಾಗಿ ಇದಕ್ಕೆ ಅನ್ವಯಿಸುವುದಿಲ್ಲ, ಶರತ್ತುಗಳನ್ನು ಓದಿಯೇ ಹಣ ಕೊಡಿ. ಒಎಲ್‌ಇಡಿ ತಂದವರು ಒಂದು ಅಭ್ಯಾಸ ಬದಲಿಸಿಕೊಳ್ಳಲೇಬೇಕು: ಮಲಗುವಾಗ ಗೋಡೆಯ ಸ್ವಿಚ್ ಆರಿಸಬೇಡಿ. ನಾಲ್ಕು ಗಂಟೆಯಷ್ಟು ಬಳಕೆಯಾದ ಮೇಲೆ ರಿಮೋಟಿನಲ್ಲಿ ಆರಿಸಿದಾಗ ಟಿವಿ ಒಳಗೇ ಚುಕ್ಕೆಗಳ ಸವೆತವನ್ನು ಸರಿದೂಗಿಸಿಕೊಳ್ಳುತ್ತದೆ. ಕರೆಂಟೇ ಇಲ್ಲದಿದ್ದರೆ ಆ ಕೆಲಸ ನಡೆಯುವುದಿಲ್ಲ.

ಎಚ್‌ಡಿಆರ್‌ನ ಎರಡು ಪೈಪೋಟಿ ರೂಪಗಳಾದ ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಇವುಗಳ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾಮ್‌ಸಂಗ್ ತನ್ನ ಟಿವಿಗಳಿಗೆ ಡಾಲ್ಬಿ ವಿಷನ್ ಕೊಟ್ಟಿಲ್ಲ, ಎಲ್‌ಜಿ ಎಚ್‌ಡಿಆರ್10 ಪ್ಲಸ್ ಕೊಟ್ಟಿಲ್ಲ. ಎರಡರಲ್ಲೂ ಒಳ್ಳೆಯ ಪ್ಯಾನೆಲ್ಲಿದ್ದರೆ ಚಿತ್ರ ಚೆನ್ನಾಗಿಯೇ ಇರುತ್ತದೆ. 300 ನಿಟ್ಸ್ ಟಿವಿಗೆ ಡಾಲ್ಬಿ ವಿಷನ್ ಸೇರಿಸಿ ಮೂರು ನಾಲ್ಕು ಸಾವಿರ ಹೆಚ್ಚು ಕೇಳಿದರೆ ಕೊಡಬೇಡಿ.

120 ಹರ್ಟ್ಜ್ ವಿಷಯದಲ್ಲಿ ಹೆಚ್ಚು ಗೊಂದಲ. ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಚಿತ್ರ. 60 ಹರ್ಟ್ಜ್ ಪರದೆಯಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ತುಸು ಎಡವಿದಂತೆ ಕಾಣುತ್ತದೆ. 120ರಲ್ಲಿ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಸಲ. ಕೆಲವರ ಕಣ್ಣಿಗೆ ಇದು ದೊಡ್ಡ ವ್ಯತ್ಯಾಸ, ಕೆಲವರಿಗೆ ಏನೂ ಅಲ್ಲ. ಅಂಗಡಿಯಲ್ಲಿ ನೋಡಿಯೇ ತೀರ್ಮಾನಿಸಿ. ಆದರೆ ‘ಮೋಷನ್ ರೇಟ್ 120’, ‘ಡಿಎಲ್‌ಜಿ 120’ ಎಂದಿದ್ದರೆ ಅದು ನಿಜವಾದ 120 ಅಲ್ಲ. ಡಿಎಲ್‌ಜಿಯಲ್ಲಿ ಎರಡೆರಡು ಗೆರೆಗಳನ್ನು ಒಟ್ಟಿಗೆ ಬರೆದು ವೇಗ ಹೆಚ್ಚಿಸುತ್ತಾರೆ, ಲಂಬ ದಿಕ್ಕಿನ ವಿವರ ಅರ್ಧಕ್ಕೆ ಇಳಿಯುತ್ತದೆ. ‘ನೇಟಿವ್ 120 ಹರ್ಟ್ಜ್’ ಎಂಬ ಪದವೇ ವಿವರಪಟ್ಟಿಯಲ್ಲಿರಬೇಕು.

ಕ್ರಿಕೆಟ್ಟಿಗೆ 120 ಬೇಕು ಎಂದು ಮಾರುತ್ತಾರೆ. ನಮ್ಮ ಟಿವಿ ಪ್ರಸಾರ 50 ಹರ್ಟ್ಜ್‌ನದು, ಸೆಟ್‌ಟಾಪ್ ಬಾಕ್ಸಿನಿಂದ ಬಂದಾಗ 60ರ ಟಿವಿಯೂ 50ಕ್ಕೆ ಇಳಿದು ಸರಾಗವಾಗಿ ತೋರಿಸುತ್ತದೆ. ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ಕಿನಲ್ಲಿ ಪಂದ್ಯ ನೋಡುವಾಗ ಚೆಂಡು ತಡೆತಡೆದು ಓಡಿದಂತೆ ಕಂಡರೆ, ಹಲವು ಸಲ ಕಾರಣ ಸ್ಟಿಕ್ 60ರಲ್ಲೇ ನಿಂತಿರುವುದು. ಫೈರ್ ಟಿವಿ ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಆನ್ ಮಾಡಿ ನೋಡಿ. ಎಲ್ಲ ಆ್ಯಪ್‌ಗಳೂ ಇದನ್ನು ಪಾಲಿಸುವುದಿಲ್ಲ, ಪಾಲಿಸಿದವುಗಳಲ್ಲಿ ವ್ಯತ್ಯಾಸ ತಕ್ಷಣ ಕಾಣುತ್ತದೆ. ಖರ್ಚೇನೂ ಇಲ್ಲ.

ನೇಟಿವ್ 120ಕ್ಕೆ ಕಣ್ಣು ಮುಚ್ಚಿ ಹಣ ಕೊಡಬೇಕಾದವರು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇಟ್ಟುಕೊಂಡು ಆಡುವವರು. ಅವರು ‘ಎಚ್‌ಡಿಎಂಐ 2.1’ ಎಂಬ ಅಂಕಿಯನ್ನು ನೆಚ್ಚಬಾರದು. ಆ ಹೆಸರು ಹಾಕಲು ಅದರ ಎಲ್ಲ ಸೌಲಭ್ಯಗಳೂ ಇರಬೇಕೆಂಬ ಕಡ್ಡಾಯವಿಲ್ಲ. 4ಕೆ 120, ವಿಆರ್‌ಆರ್ (ಆಟದ ವೇಗಕ್ಕೆ ತಕ್ಕಂತೆ ಪರದೆಯ ವೇಗ ಬದಲಾಗುವುದು), ಎಎಲ್‌ಎಲ್‌ಎಂ (ಆಟ ಶುರುವಾದಾಗ ಟಿವಿ ತಾನೇ ಗೇಮ್ ಮೋಡಿಗೆ ಹೋಗುವುದು) ಮೂರೂ ಯಾವ ಪೋರ್ಟಿನಲ್ಲಿವೆ ಎಂದು ಕೇಳಿ. ನಾಲ್ಕು ಪೋರ್ಟಿನಲ್ಲಿ ಎರಡಕ್ಕೆ ಮಾತ್ರ ಇದ್ದು, ಅದರಲ್ಲೊಂದು ಸೌಂಡ್‌ಬಾರಿಗೆ ಬೇಕಾದ ಇಆರ್ಕ್ (ಟಿವಿಯ ಧ್ವನಿಯನ್ನು ಹೊರಕ್ಕೆ ಕಳಿಸುವ ಆರ್ಕ್‌ನ ಸುಧಾರಿತ ರೂಪ) ಪೋರ್ಟೇ ಆಗಿರುವುದು ಹಲವು ಟಿವಿಗಳಲ್ಲಿ ಕಾಣುವ ತೊಡಕು.

ಧ್ವನಿಗೆ ಟಿವಿಯಲ್ಲಿ ಹಣ ಹಾಕಬೇಡಿ. ತೆಳ್ಳಗಿನ ಪೆಟ್ಟಿಗೆಯಲ್ಲಿ ಕೆಳಮುಖವಾಗಿ ಕೂತ 20 ವ್ಯಾಟ್ ಸ್ಪೀಕರಿಗೆ ಅಟ್ಮಾಸ್ (ಡಾಲ್ಬಿಯ ಸುತ್ತುವರಿಯುವ ಧ್ವನಿ) ಹೆಸರು ಕೊಟ್ಟರೂ ಗಾಳಿ ತಳ್ಳುವ ಜಾಗ ಅದಕ್ಕಿಲ್ಲ. ಆ ಹಣಕ್ಕೆ ಬೇರೆ ಸೌಂಡ್‌ಬಾರ್ ತನ್ನಿ, ಎಚ್‌ಡಿಎಂಐ ಆರ್ಕ್ ಪೋರ್ಟಿಗೆ ಜೋಡಿಸಿ. ಒಟಿಟಿಯ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಬರುವುದರಿಂದ ಸಾಮಾನ್ಯ ಆರ್ಕ್ ಸಾಕು. ಇಆರ್ಕ್ ಬೇಕಾಗುವುದು ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿಯಂಥ ಧ್ವನಿಗೆ. ಆಪ್ಟಿಕಲ್ ಕೇಬಲ್ಲಿನಲ್ಲಿ ಮಾತ್ರ ಅಟ್ಮಾಸ್ ಬರುವುದಿಲ್ಲ.

ಸ್ಮಾರ್ಟ್ ಸೌಲಭ್ಯವೂ ಹಾಗೆಯೇ. ನಾಲ್ಕೈದು ವರ್ಷದಲ್ಲಿ ಆ್ಯಪ್‌ಗಳು ಭಾರವಾಗುತ್ತವೆ, 1 ಜಿಬಿ ರ‍್ಯಾಮಿನ ಟಿವಿ ತೆವಳುತ್ತದೆ, ಅಪ್‌ಡೇಟ್ ನಿಲ್ಲುತ್ತದೆ. ಆಗ ಕೆಲವು ಸಾವಿರದ ಸ್ಟಿಕ್ ಹಾಕಿದರೆ ಮುಗಿಯಿತು. ಇಲ್ಲಿ ಎರಡು ಎಚ್ಚರ ಮಾತ್ರ. ತೀರಾ ಅಗ್ಗದ ಕೆಲವು ಟಿವಿಗಳಲ್ಲಿ ಗೂಗಲ್‌ನ ಪ್ರಮಾಣೀಕರಣವಿಲ್ಲದ ಬರೀ ಆ್ಯಂಡ್ರಾಯ್ಡ್ ಇರುತ್ತದೆ. ಅವುಗಳಲ್ಲಿ ಹಣ ಕಟ್ಟಿದ ಒಟಿಟಿಯೂ ಕಡಿಮೆ ಗುಣಮಟ್ಟದಲ್ಲೇ ಬರಬಹುದು. ಇನ್ನೊಂದು, ವೈಫೈ 5 ಗಿಗಾಹರ್ಟ್ಜ್ ಇದೆಯೇ ನೋಡಿ. ಅಪಾರ್ಟ್‌ಮೆಂಟಿನಲ್ಲಿ 2.4ರಲ್ಲಿ ಸುತ್ತಲಿನ ಮನೆಗಳ ರೂಟರ್‌ಗಳೆಲ್ಲ ಒಂದೇ ಕಡೆ ಮುಗಿಬಿದ್ದಿರುತ್ತವೆ. ಲ್ಯಾನ್ ಪೋರ್ಟಿದ್ದರೆ ಇನ್ನೂ ಒಳ್ಳೆಯದು, 100 ಮೆಗಾಬಿಟ್‌ನದಾದರೂ 4ಕೆಗೆ ಧಾರಾಳ.

ಕರೆಂಟ್ ಬಿಲ್ಲಿನ ಹೆದರಿಕೆಗೆ ಹೆಚ್ಚು ಸ್ಟಾರಿನ ಟಿವಿ ಕೊಳ್ಳುವುದು ಅಷ್ಟೇನೂ ಲಾಭವಲ್ಲ. 100 ವ್ಯಾಟಿನ ಟಿವಿ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಅದರಲ್ಲಿ ಕಾಲುಭಾಗ ಉಳಿದರೂ ನಾಲ್ಕು ಯೂನಿಟ್ಟಿನೊಳಗೇ. ಸ್ಟೆಬಿಲೈಜರ್ ಕೂಡ ಹೆಚ್ಚಿನವರಿಗೆ ಬೇಡ. ಈಗಿನ ಟಿವಿಗಳ ಒಳಗಿನ ಪವರ್ ಸಪ್ಲೈ ಬಹುತೇಕ 100ರಿಂದ 240 ವೋಲ್ಟ್‌ವರೆಗೆ ತಾಳುವಂಥದ್ದು, ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಬೇಕಾದದ್ದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್. ಮಲೆನಾಡು, ಕರಾವಳಿಯಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತರಷ್ಟೇ ಸಾಲದು, ಡಿಶ್ಶಿನ ಕೇಬಲ್ಲನ್ನೂ ಲ್ಯಾನ್ ವೈರನ್ನೂ ಬಿಚ್ಚಿ. ಸಿಡಿಲಿನ ಹೊಡೆತ ಅವುಗಳ ಮೂಲಕವೂ ಒಳಗೆ ಬಂದು ಎಚ್‌ಡಿಎಂಐ ಪೋರ್ಟನ್ನೂ ಮದರ್‌ಬೋರ್ಡನ್ನೂ ಸುಡುತ್ತದೆ.

ಹೆಚ್ಚುವರಿ ವಾರಂಟಿಗೆ ಕೊಡುವುದಾದರೆ ಅದು ಕಂಪನಿಯದೇ ಆಗಿರಲಿ, ಪ್ಯಾನೆಲ್ಲನ್ನು ಒಳಗೊಂಡಿರಲಿ, ಟಿವಿಯ ಬೆಲೆಯ ಇಪ್ಪತ್ತನೇ ಒಂದು ಭಾಗದ ಆಸುಪಾಸಿನಲ್ಲಿರಲಿ. ಪ್ಯಾನೆಲ್ ಹೋದರೆ ರಿಪೇರಿಗೆ ಟಿವಿಯ ಬೆಲೆಯ ಅರ್ಧಕ್ಕಿಂತ ಹೆಚ್ಚಾಗುವುದು ಸಾಮಾನ್ಯ. ಬ್ಯಾಕ್‌ಲೈಟ್ ಹೋದರೆ ಹೆದರಬೇಡಿ, ಸದ್ದು ಬರುತ್ತದೆ ಚಿತ್ರವಿಲ್ಲ ಎನ್ನುವಾಗ ಟಾರ್ಚು ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹೆಚ್ಚಾಗಿ ಎಲ್‌ಇಡಿ ಪಟ್ಟಿಯಷ್ಟೇ ಹೋಗಿರುತ್ತದೆ. ಸಾಲಿನಲ್ಲಿ ಜೋಡಿಸಿದ ದೀಪಗಳಲ್ಲಿ ಒಂದು ಕೆಟ್ಟರೂ ಇಡೀ ಸಾಲು ಆರುತ್ತದೆ. ಬ್ಯಾಕ್‌ಲೈಟನ್ನು ಸದಾ 100ರಲ್ಲಿ ಇಡದೆ 60-70ಕ್ಕೆ ಇಳಿಸಿದರೆ ಈ ಪಟ್ಟಿಗಳ ಆಯುಷ್ಯ ಹೆಚ್ಚುತ್ತದೆ. ಅಮೆರಿಕದಲ್ಲಿರುವವರು ಊರಿಗೆ ಟಿವಿ ತರುವ ಯೋಚನೆ ಮಾಡಿದ್ದರೆ ಬಿಟ್ಟುಬಿಡಿ: ವಾರಂಟಿ ಇಲ್ಲಿ ನಡೆಯುವುದು ಕಷ್ಟ, ಕೆಲವು ಮಾದರಿಗಳು 120 ವೋಲ್ಟಿನವು, ಕೆಲವು ನಮ್ಮ ಬಾಕ್ಸಿನ 50 ಹರ್ಟ್ಜ್ ಸಂಕೇತವನ್ನು ಸ್ವೀಕರಿಸುವುದಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್ ಒಯ್ಯಿರಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ, ಮಧ್ಯಮ ಬೂದು, ಕೆಂಪು, ಹಸಿರು, ನೀಲಿ, ಹೀಗೆ ಆರು ಚಿತ್ರಗಳು. ಜೊತೆಗೆ ಒಂದು ಕತ್ತಲೆಯ ದೃಶ್ಯ. ಅಂಗಡಿಯವರ ಡೆಮೊ ವಿಡಿಯೊ ನಿಲ್ಲಿಸಲು ಹೇಳಿ, ಚಿತ್ರದ ಮೋಡ್ ವಿವಿಡ್‌ನಿಂದ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಬದಲಾಯಿಸಿ ನೋಡಿ. ಬೂದು ಚಿತ್ರದಲ್ಲಿ ಕೊಳೆಯಂಥ ತೇಪೆಗಳು ಕಂಡರೆ ಕ್ರಿಕೆಟ್ ಮೈದಾನದ ಹಸಿರಿನ ಮೇಲೆ ಕ್ಯಾಮೆರಾ ಓಡುವಾಗ ಅವೇ ಕಾಣುತ್ತವೆ. ಕಪ್ಪಿನಲ್ಲಿ ಮೂಲೆಗಳಿಂದ ಬೆಳಕು ಸೋರುತ್ತದೆಯೇ ನೋಡಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಆಮೇಲೆ ಮಂಡಿ ಬಗ್ಗಿಸಿ ಕೂತು ನೋಡಿ. ಇದೇ ಪರೀಕ್ಷೆಯನ್ನು ಮನೆಗೆ ಬಂದ ಟಿವಿಗೂ ಮೊದಲ ದಿನವೇ ಮಾಡಬೇಕು, ಏಕೆಂದರೆ ಒಂದೇ ಮಾದರಿಯ ಎರಡು ಪ್ಯಾನೆಲ್ ಒಂದೇ ಥರ ಇರುವುದಿಲ್ಲ, ಆನ್‌ಲೈನಿನಲ್ಲಿ ಕೊಂಡದ್ದಾದರೆ ಬದಲಿಸಿಕೊಳ್ಳುವ ಗಡುವು ಕೆಲವೇ ದಿನ.

ಹಣ ಕೊಟ್ಟು ತಂದ ಸೌಲಭ್ಯ ಎಷ್ಟೋ ಮನೆಗಳಲ್ಲಿ ಆನ್ ಆಗಿಯೇ ಇರುವುದಿಲ್ಲ. ಹೊರಗಿನ ಬಾಕ್ಸ್, ಸ್ಟಿಕ್ ಅಥವಾ ಗೇಮ್ ಕನ್ಸೋಲಿನಿಂದ 4ಕೆ ಎಚ್‌ಡಿಆರ್ ಪೂರ್ತಿಯಾಗಿ ಬರಲು ಆ ಎಚ್‌ಡಿಎಂಐ ಪೋರ್ಟಿನ ಸೆಟ್ಟಿಂಗ್ ಬದಲಿಸಬೇಕಾಗಬಹುದು: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್’. ಬದಲಿಸಿದ ಮೇಲೆ ಚಿತ್ರ ಮಿಣುಕಿದರೆ ಅಥವಾ ಕಪ್ಪಾದರೆ ಟಿವಿಯನ್ನು ಅನುಮಾನಿಸಬೇಡಿ, ಮೊದಲು ಹಳೆಯ ಕೇಬಲ್ ತೆಗೆದು ‘ಪ್ರೀಮಿಯಂ ಹೈ ಸ್ಪೀಡ್’ ಗುರುತಿನ ಕೇಬಲ್ ಹಾಕಿ, 4ಕೆ 120ಕ್ಕೆ ‘ಅಲ್ಟ್ರಾ ಹೈ ಸ್ಪೀಡ್’ ಗುರುತಿನದು.